ಅಂಗಳದಾಚೆ ಬಡಿಸಿದ ಅನ್ನ

ಕುತ್ತಿಗೆಯಲ್ಲಿ ಕಡಲೆಯಷ್ಟು ದೊಡ್ಡ ಗಂಟು ಕೈಗೆ ಸಿಕ್ಕಿದ ದಿನವೇ ನಾನು ಮನಸ್ಸಿನಲ್ಲಿ ನನ್ನ ಶೋಕಸಭೆಯನ್ನೂ ಮುಗಿಸಿದ್ದೆ. ಭಾಷಣಗಳು ಚೆನ್ನಾಗಿರಲಿಲ್ಲ. ಇಂಥ ಹೆದರುಪುಕ್ಕಲನಾದ ನಾನು ಕಾಲೇಜಿನಲ್ಲಿ ಪಾಠ ಮಾಡುವುದು ಗುಲಾಮಗಿರಿ ಮತ್ತು ನರಮೇಧದ ಬಗ್ಗೆ. ಪ್ರತಿವರ್ಷ ಬೋರ್ಡಿನ ನಡುವೆ ಒಂದು ಗೆರೆ ಎಳೆಯುತ್ತೇನೆ. ಯಜಮಾನನಿಗೆ ಗುಲಾಮ ಬದುಕಿರಬೇಕು, ದುಡಿಯಲಿಕ್ಕೆ. ನರಮೇಧಕ್ಕೆ ಇಳಿದವನಿಗೆ ಆ ಜನ ಇರಲೇಬಾರದು. ಎರಡನ್ನೂ ಕಲಸಬೇಡಿ ಎಂದು ಹೇಳಿ ಕೈಯ ಸೀಮೆಸುಣ್ಣ ಕೊಡವುತ್ತೇನೆ.

ಗಂಟಿನ ಚೂರನ್ನು ಪರೀಕ್ಷೆಗೆ ಕೊಟ್ಟಾಗಿತ್ತು. ಫಳ್ನೀರಿನ ಆಸ್ಪತ್ರೆಯಲ್ಲಿ ವರದಿಗೆ ಕಾಯುವಾಗ ಅಮ್ಮ ಜೊತೆಗಿದ್ದರು. ನಾನು ಕಾಲು ಕುಣಿಸುವುದನ್ನು ನೋಡಲಾರದೆ ಮೊಣಕಾಲಿನ ಮೇಲೆ ಕೈಯಿಟ್ಟರು.

"ಎಂತಕ್ಕೆ ಹೆದರುವುದು ಮಾರಾಯ? ನಿನ್ನ ಸಾವನ್ನು ಆಗಲೇ ಕೊಟ್ಟು ಆಗಿದೆ."

ಯಾರಿಗೆ ಎಂದು ಕೇಳಿದೆ.

ನಾನು ಕೂಸಾಗಿದ್ದಾಗ ಜ್ವರ ಇಳಿಯದೆ ಕಣ್ಣು ಮೇಲೆ ಮಾಡಿದ್ದೆನಂತೆ. ಅಜ್ಜಿ ನನ್ನ ಕೂದಲು, ಉಗುರು ಕತ್ತರಿಸಿ ಅನ್ನದಲ್ಲಿ ಕಲಸಿದರಂತೆ. ನಮ್ಮ ಮನೆತನಕ್ಕೆ ತಲೆಮಾರುಗಳಿಂದ ಬಿಟ್ಟಿ ದುಡಿಯುತ್ತಿದ್ದ, ಊರು ಮುಟ್ಟಿಸಿಕೊಳ್ಳದ ಕೊರಗ ಸಮುದಾಯದ ಕುಟುಂಬದ ಹೆಂಗಸೊಬ್ಬಳನ್ನು ಕರೆಸಿ, ಅಂಗಳದಾಚೆ ಕೂರಿಸಿ, ಅದನ್ನು ತಿನ್ನಿಸಿದರಂತೆ. ತಿಂದವರಿಗೆ ಮಗುವಿನ ಸಾವು ದಾಟುತ್ತದೆ ಎಂಬ ನಂಬಿಕೆ. ಅಜಲು ಎನ್ನುವ ಆ ಪದ್ಧತಿ ಈಗ ನಿಷಿದ್ಧ. ಪಾಠದಲ್ಲಿ ನಾನೇ ಅದನ್ನು ಉದಾಹರಣೆ ಕೊಡುತ್ತೇನೆ, ಗೆರೆಯ ಎಡಭಾಗದಲ್ಲಿ, ಗುಲಾಮಗಿರಿಯ ಕೆಳಗೆ. ಆದರೆ ಆಕೆ ನಮಗೆ ಬದುಕಿರಬೇಕಾಗಿದ್ದದ್ದು ದುಡಿಯಲಿಕ್ಕೆ ಮಾತ್ರವಲ್ಲ, ನಮ್ಮ ಬದಲು ಸಾಯಲಿಕ್ಕೂ. ಗೆರೆಯನ್ನು ಇನ್ನು ಎಲ್ಲಿ ಎಳೆಯುವುದು?

ಅಷ್ಟರಲ್ಲಿ ಹೆಸರು ಕೂಗಿದರು. ಗಂಟಿನಿಂದ ಏನೂ ಅಪಾಯವಿಲ್ಲ, ಅದರ ಪಾಡಿಗೆ ಬಿಡಿ ಎಂದರು ಡಾಕ್ಟರು. ಅಮ್ಮನ ಕಣ್ಣು ತುಂಬಿತು.

"ನಾನು ಹೇಳಲಿಲ್ವ?"

ನನಗೂ ಸಂತೋಷ ಆಗಬೇಕಿತ್ತು. ಮನೆಗೆ ಹೊರಟ ಆಟೋ ಕೊಟ್ಟಾರ ತಲುಪಿದಾಗ, ಆ ಹೆಂಗಸು ಆಮೇಲೆ ಏನಾದಳು ಎಂದು ಕೇಳಿದೆ.

"ಅವಳಿಗೆ ಎಂತ ಆಗಲಿಲ್ಲ. ಗಟ್ಟಿ ಜೀವ." ಅಮ್ಮ ಧೂಳಿಗೆ ಸೆರಗನ್ನು ಮೂಗಿಗೆ ಹಿಡಿದುಕೊಂಡರು. "ಸೊಂಟದಲ್ಲಿ ಒಂದು ಮಗು ಇತ್ತು. ಅದೇ ಅನ್ನದಿಂದ ಅದಕ್ಕೂ ಎರಡು ತುತ್ತು ಕೊಟ್ಟಳು. ಹಸಿದಿತ್ತು, ಪಾಪ."

"ಮತ್ತೆ?"

"ಮತ್ತೆ ಎಂತ? ಮುಂದಿನ ಮಳೆಗಾಲಕ್ಕೆ ಅವಳು ಒಬ್ಬಳೇ ಬಂದದ್ದು."

ಮಗುವಿನ ಹೆಸರು ಅಮ್ಮನಿಗೆ ಗೊತ್ತಿರಲಿಲ್ಲ. ಗಂಡೋ ಹೆಣ್ಣೋ, ಅದೂ ನೆನಪಿಲ್ಲ ಎಂದರು. ನನ್ನ ಕೈ ಅಭ್ಯಾಸಬಲದಿಂದ ಕುತ್ತಿಗೆಗೆ ಹೋಯಿತು. ಏನೂ ಮಾಡದ ಗಂಟು, ಅಲ್ಲೇ ಇತ್ತು.