ಅಪ್ಪ ಓಟು ಹಾಕದ ಚುನಾವಣೆ

ನಾನು ಚಿಕ್ಕವಳಿದ್ದಾಗ ಮಿರ್ಜಾನದ ಸುತ್ತಲಿನ ಹಳ್ಳಿಗಳಿಗೆಲ್ಲ ನಮ್ಮ ಅಪ್ಪನೇ ಡಾಕ್ಟರು. ಅವನ ಕೋಟಿಗೆ ಸದಾ ಸ್ಪಿರಿಟ್ಟಿನ ವಾಸನೆ. ಹಳೆಯದನ್ನು ಸುಮ್ಮನೆ ಕೆಡವುವುದೆಂದರೆ ಅವನಿಗೆ ಆಗುತ್ತಿರಲಿಲ್ಲ. ಊರ ಕೆರೆ ಮುಚ್ಚಿ ಅಂಗಡಿಸಾಲು ಕಟ್ಟಿಸಲು ಸಾಹುಕಾರರೊಬ್ಬರು ಹೊರಟಾಗ, ತಾಲೂಕು ಬೋರ್ಡಿನ ಚುನಾವಣೆಯಲ್ಲಿ ಅವರ ಎದುರು ನಿಂತೇಬಿಟ್ಟ.

ಮತದಾನದ ದಿನ ಅಪ್ಪ ಓಟು ಹಾಕಲು ಶಾಲೆಯತ್ತ ಹೊರಟಿದ್ದ. ಅಷ್ಟರಲ್ಲಿ ಹೊಳೆಯಾಚೆಯ ಅಂಬಿಗನೊಬ್ಬ ಏದುಸಿರು ಬಿಡುತ್ತ ಬಂದ. "ಡಾಕ್ಟ್ರೇ, ಹೆಂಡ್ತಿಗೆ ನಿನ್ನೆಯಿಂದ ನೋವು. ಈಗ ಮಾತೇ ಆಡೂದಿಲ್ಲ!"

"ಅಪ್ಪಾ, ನಿನ್ನ ಓಟು?" ಅಕ್ಕ ಕೂಗಿದಳು.

"ಓಟು ಕಾದ್ರೆ ಕಾಯ್ಲಿ, ಕೂಸು ಕಾಯ್ತಿಲ್ಲೆ," ಎನ್ನುತ್ತ ಅಪ್ಪ ದೋಣಿ ಹತ್ತಿದ. ಅವನನ್ನು ಹೊತ್ತಿಗೆ ಸರಿಯಾಗಿ ವಾಪಸು ಕರೆತರಲೇಬೇಕೆಂದು ಅಕ್ಕನೂ ಹತ್ತಿದಳು. ಅವಳ ಹಿಂದೆಯೇ ನಾನು.

ಅಂಬಿಗನ ಕೇರಿಯಿಂದ ಒಬ್ಬರೂ ಓಟಿಗೆ ಹೋಗಿರಲಿಲ್ಲ. ಎಲ್ಲರೂ ಅವನ ಮನೆಯಂಗಳದಲ್ಲಿ ಬಾಗಿಲನ್ನೇ ನೋಡುತ್ತ ಕೂತಿದ್ದರು. ಒಣಮೀನಿನ ವಾಸನೆ, ಒಲೆಯ ಹೊಗೆ, ಒಳಗಿನಿಂದ ಅಪ್ಪನ ಮೆಲುದನಿ. ಬಿಸಿಲು ವಾಲುವ ಹೊತ್ತಿಗೆ ಕೂಸಿನ ಅಳು ಕೇಳಿತು. "ತಾಯಿ, ಮಗಳು ಇಬ್ರೂ ಆರಾಮು!" ಎಂದು ಅಪ್ಪ ಹೊರಗೆ ಬಂದಾಗ ಅಂಬಿಗ ನಗುತ್ತ ಅತ್ತುಬಿಟ್ಟ. ಅಜ್ಜಿಯೊಬ್ಬಳು ಎಲ್ಲರ ಬಾಯಿಗೂ ಬೆಲ್ಲ ಹಾಕಿದಳು.

"ಐದಕ್ಕೆ ಶಾಲೆ ಬಾಗಿಲು ಹಾಕ್ತ್ರು!" ಅಕ್ಕ ಚಡಪಡಿಸಿದಳು.

ಇದ್ದದ್ದು ಎರಡೇ ದೋಣಿ. "ನೀವೆಲ್ಲ ಮೊದ್ಲು ಹೋಗಿ. ಬಾಣಂತಿನ ಇನ್ನೊಂದ್ ಸಲ ನೋಡಿ ಬರ್ತೆ," ಎಂದ ಅಪ್ಪ. ಇಡೀ ಕೇರಿ ಹಾಡುತ್ತ, ನೀರು ಎರಚಾಡುತ್ತ ಹೊಳೆ ದಾಟಿತು. ದೋಣಿ ಮರಳಿ ಬಂದು ನಮ್ಮನ್ನು ಕರೆದೊಯ್ಯುವಷ್ಟರಲ್ಲಿ ಶಾಲೆಯ ಬಾಗಿಲು ಮುಚ್ಚಿತ್ತು. ಅಕ್ಕನಿಗೆ ಅಳು ಬಂತು. ಅಪ್ಪ ಮಾತ್ರ ಕಟ್ಟೆಯ ಮೇಲೆ ಕೂತು ಹೊಟ್ಟೆ ಹಿಡಿದು ನಕ್ಕ.

ಮಕ್ಕಳೇ, ನೀವೀಗ ಊಟ ಮಾಡುತ್ತಲೇ ಮೊಬೈಲಿನಲ್ಲಿ ಚುನಾವಣೆಯ ಫಲಿತಾಂಶ ನೋಡಿ, ಮರುಕ್ಷಣ ಬೇರೇನೋ ನೋಡುತ್ತೀರಿ. ಮತ ಎಣಿಸುವ ದಿನ ನಾವು ಸುದ್ದಿ ತರುವ ಕುಮಟೆಯ ಬಸ್ಸಿಗಾಗಿ ಬೆಳಗಿನಿಂದ ರಸ್ತೆಯ ಬದಿ ಕಾದೆವು. ಕೊನೆಗೂ ಕೆಂಪು ಧೂಳೆಬ್ಬಿಸುತ್ತ ಬಸ್ಸು ಬಂತು. ಅದು ನಿಲ್ಲುವ ಮೊದಲೇ ಕಂಡಕ್ಟರು ಬಾಗಿಲಲ್ಲಿ ಜೋತು ಕೂಗಿದ: "ಡಾಕ್ಟ್ರು ಗೆದ್ರು!" ಅಕ್ಕ ನನ್ನನ್ನೆತ್ತಿ ಗರಗರ ತಿರುಗಿಸಿದಳು. ಬಸ್ಸಿನೊಳಗಿದ್ದವರೂ ಇಳಿದು ನಮ್ಮ ಜೊತೆ ಕುಣಿದರು.