ಯರ್ರೆಪ್ಪನ ಗೇರ್‌ಬಾಕ್ಸು, ನನ್ನ ಡ್ರಮ್ಮಿನ ಎಣ್ಣೆ

ಯರ್ರೆಪ್ಪನ ಮುಖ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಕೊಟ್ಟೂರಿನ ಬಸ್ ಸ್ಟ್ಯಾಂಡ್ ಹಿಂದಿನ ಬೀದಿಯಲ್ಲಿ ನನ್ನದು ಬಿಡಿಭಾಗಗಳ ಅಂಗಡಿ, ಅವನದು ಗ್ಯಾರೇಜು. ನಡುವೆ ಒಂದೇ ಗೋಡೆ. ನಾನು ಕೊಟ್ಟ ಬೇರಿಂಗನ್ನು ಗಿರಾಕಿಗಳ ಎದುರಿಗೇ ಬೆರಳಲ್ಲಿ ಗಿರ್ರನೆ ತಿರುಗಿಸಿ, "ಡೂಪ್ಲಿಕೇಟ್ ಐತಿ, ವಾಪಸ್ ತಗೋರಿ ಗಂಗಾಂಬಿಕಕ್ಕಾರ" ಅನ್ನುತ್ತಾನೆ. ಅಕ್ಕ ಅಂತೆ ಅಕ್ಕ! ಅಕ್ಕನನ್ನು ನಡುಬೀದಿಯಲ್ಲಿ ಕಳ್ಳಿ ಮಾಡುವ ತಮ್ಮ ಯಾರಿಗೆ ಬೇಕು? ಹನ್ನೊಂದು ವರ್ಷದಿಂದ ಇದನ್ನು ಸಹಿಸಿಕೊಂಡೇ ವ್ಯಾಪಾರ ಮಾಡಿದ್ದೇನೆ.

ಅವನು ತಂಬ್ರಹಳ್ಳಿಯ ಕುರಿ ಸಾಕುವ ಮನೆತನದವನು. ಹದಿನೇಳಕ್ಕೆ ಕುರಿ ಬಿಟ್ಟು ಇಲ್ಲಿ ಲಾರಿ ತೊಳೆಯಲು ಬಂದ. ಈಗ ಕೂಡ್ಲಿಗಿಯಿಂದ ಹರಪನಹಳ್ಳಿವರೆಗೆ ಯಾರದೇ ಗೇರ್ ಕೆಟ್ಟರೂ ಅವನ ಹೆಸರು ಹೇಳಿಕೊಂಡು ಬರುತ್ತಾರೆ. ಸ್ಕ್ರೂಡ್ರೈವರಿನ ತುದಿಯನ್ನು ಗೇರ್‌ಬಾಕ್ಸಿಗೆ, ಹಿಡಿಯನ್ನು ಕಿವಿಗೆ ಒತ್ತಿ ಕೂತನೆಂದರೆ ಯಾವ ಹಲ್ಲು ಸವೆದಿದೆ ಎಂದು ಬಿಚ್ಚುವ ಮೊದಲೇ ಹೇಳುತ್ತಾನೆ. ಆ ಹೆಸರೊಂದೇ ಅವನ ಆಸ್ತಿ. ಸೋಮವಾರ ಮಾತ್ರ, ಊರದೇವರು ಕೊಟ್ಟೂರೇಶನ ವಾರವೆಂದು, ಸ್ಪಾನರ್ ಮುಟ್ಟುವುದಿಲ್ಲ. ನೀವು ಲಾರಿಯನ್ನು ಹೆಗಲ ಮೇಲೆ ಹೊತ್ತು ತಂದರೂ ಮುಟ್ಟುವುದಿಲ್ಲ.

ಹೋದ ವರ್ಷ ಹೂವಿನಹಡಗಲಿಯ ಮಲ್ಲಿಗೆ ವ್ಯಾಪಾರಿ ಅರುಣಕುಮಾರ್ ಅವನ ಹತ್ತಿರ ತನ್ನ ಸ್ಪೋರ್ಟ್ಸ್ ಕಾರು ತಂದ. ಇಪ್ಪತ್ತೈದು ವರ್ಷ ಹಳೆಯದು, ಎರಡೇ ಬಾಗಿಲು, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಹೋಗುವ ಕೆಂಪು ಗಾಡಿ. ನಮ್ಮ ರಸ್ತೆಗಳಿಗೆ ಇಂಥದ್ದನ್ನು ತಂದವನ ಬುದ್ಧಿಗೆ ಏನೆನ್ನಬೇಕು! ಎರಡನೇ ಗೇರ್ ಹಾಕಿದರೆ ಕರಕರ. ಮೂರನೆಯದು ತಾನಾಗಿಯೇ ಜಿಗಿದು ಹೊರಬೀಳುತ್ತಿತ್ತು. ಯರ್ರೆಪ್ಪ ಬಿಚ್ಚಿ ನೋಡಿ, ಇದು ರಿಪೇರಿಗೆ ಬರುವುದಿಲ್ಲ ಎಂದ. ಬೆಂಗಳೂರಿನ ಗುಜರಿಯಿಂದ ಅದೇ ಮಾದರಿಯ ಗೇರ್‌ಬಾಕ್ಸ್ ತರಿಸಿ, ಒಂದೊಂದು ಹಲ್ಲನ್ನೂ ಉಗುರಿನಿಂದ ಸವರಿ ನೋಡಿ, ಭಾನುವಾರ ಸಂಜೆ ಕೂರಿಸಿದ. ಎಣ್ಣೆ ಮಂಗಳವಾರ ಹಾಕುತ್ತೇನೆ, ಅಲ್ಲಿಯವರೆಗೆ ಕಾರು ಮುಟ್ಟಬೇಡಿ ಎಂದು ಸ್ಟೇರಿಂಗಿಗೆ ಒಂದು ಚೀಟಿ ಕಟ್ಟಿದ.

ಸೋಮವಾರ ಅರುಣಕುಮಾರ್ ಬಂದೇಬಿಟ್ಟ. ಗ್ಯಾರೇಜಿಗೆ ಬೀಗ, ಕಾರು ಹೊರಗೇ ನಿಂತಿತ್ತು. ಹಡಗಲಿಯಲ್ಲಿ ಯಾರದೋ ಮದುವೆ, ಜನರ ಕಣ್ಣಿಗೆ ಕಾರು ಬೀಳಬೇಕು. ಚೀಟಿ ಓದುವ ವ್ಯವಧಾನ ಅವನಿಗೆಲ್ಲಿ? ಕಿತ್ತು ತಂದು ನನ್ನ ಕೌಂಟರಿನ ಮೇಲೆ ಒಗೆದ. "ಗೇರ್ ಆಯಿಲ್ ಕೊಡ್ರಿ ಅಕ್ಕಾರ, ಪಂಕ್ಚರ್ ಅಂಗಡಿಯವನ ಕೈಲೆ ಹಾಕಿಸ್ಕೊಂಡು ಹೋಗ್ತೀನಿ."

ನಾನು ಓದಿದೆ. ಮಂಗಳವಾರದವರೆಗೆ ತಡೆಯಲಾಗದಿದ್ದರೆ ಇದನ್ನೇ ಹಾಕಿಸಿ ಎಂದು ಯಾವುದೋ ತೆಳ್ಳನೆಯ ಎಣ್ಣೆಯ ನಂಬರು ಬರೆದು, ಕೆಳಗೆ ಗೀಟು ಎಳೆದು ಇನ್ನೊಂದು ಸಾಲು: 'ಅಕ್ಕಾರ ಡ್ರಮ್ಮಿನ ಎಣ್ಣಿ ಹಾಕಬ್ಯಾಡ್ರಿ.' ಪಿತ್ತ ನೆತ್ತಿಗೇರಿತು. ಸುತ್ತಲಿನ ಟ್ರ್ಯಾಕ್ಟರುಗಳೆಲ್ಲ ಓಡುವುದು ನಾನು ಡ್ರಮ್ಮಿನಿಂದ ಬಿಡಿಯಾಗಿ ಮಾರುವ ಅದೇ ಎಣ್ಣೆಯ ಮೇಲೆ! ನಮ್ಮ ಕಡೆ ಗೇರ್ ಎಣ್ಣೆ ಅಂದರೆ ಅದೊಂದೇ, ಎರಡನೆಯದನ್ನು ಯಾರೂ ಕೇಳಿಲ್ಲ. ಈ ಆಟಿಕೆಗೇನು ಅಮೃತ ಬೇಕೇ? ಚೀಟಿಯನ್ನು ಮುದುಡಿ ಕಸಕ್ಕೆ ಒಗೆದು, ಡ್ರಮ್ಮಿನಿಂದಲೇ ತುಂಬಿಸಿ ಕೊಟ್ಟೆ.

ಎರಡು ತಿಂಗಳಿಗೆ ಕಾರು ಮತ್ತೆ ಕರಕರ ಅನ್ನುತ್ತ ಬಂತು. ಅರುಣಕುಮಾರ್ ಗ್ಯಾರೇಜಿನ ಮುಂದೆ ನಿಂತು ಬಾಯಿಗೆ ಬಂದಂತೆ ಬೈದ. "ಕುರಿ ಕಾಯೋನ ಕೈಯಾಗ ಕಾರ್ ಕೊಟ್ಟೆ ನೋಡು! ಸುತ್ತಲ ಐದೂ ತಾಲ್ಲೂಕಿಗೆ ಡಂಗುರ ಹೊಡಸ್ತೀನಿ. ಇನ್ನೊಂದು ಗಾಡಿ ನಿನ್ನ ಬಾಗ್ಲಿಗೆ ಬರಬಾರ್ದು, ಹಂಗ ಮಾಡ್ತೀನಿ." ಸರದಿಯಲ್ಲಿದ್ದ ಲಾರಿ ಮಾಲೀಕ ಬೊಮ್ಮಪ್ಪ ಆಗಲೇ ತನ್ನ ಲಾರಿಯನ್ನು ಹಿಂದಕ್ಕೆ ತೆಗೆಯತೊಡಗಿದ. ಅಂಗಡಿಯ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದ ನನಗೆ, ಸುಳ್ಳೇಕೆ ಹೇಳಲಿ, ಖುಷಿಯಾಯಿತು.

ಯರ್ರೆಪ್ಪ ಕಾರಿನಡಿ ಹೋಗಿ ಎಣ್ಣೆ ಇಳಿಸಿ, ಅಂಗೈಯಲ್ಲಿ ಹಿಡಿದು ಮೂಸಿದ. ಕೊಳೆತ ಮೊಟ್ಟೆಯ ವಾಸನೆ ನನ್ನ ಮೂಗಿಗೂ ಬಡಿಯಿತು. ಎಣ್ಣೆಯಲ್ಲಿ ಹಿತ್ತಾಳೆಯ ಪುಡಿ ಮಿರುಗುತ್ತಿತ್ತು.

"ಟ್ರ್ಯಾಕ್ಟರ್ ಎಣ್ಣಿ ಇದು. ಒಳಗ ಗೇರ್ ಕೂಡಿಸೋ ಹಿತ್ತಾಳಿ ರಿಂಗ್ ತಿಂದು ಹಾಕೈತಿ" ಎಂದ.

"ಅವ್ರೇ ಕೊಟ್ಟಿದ್ದು, ನಿನ್ನ ಚೀಟಿ ನೋಡೇ ಕೊಟ್ಟಾರ!" ಎಂದು ಅರುಣಕುಮಾರ್ ನನ್ನತ್ತ ಕೈ ತೋರಿಸಿದ. ಬೀದಿಯೆಲ್ಲ ನನ್ನ ಕಡೆ ತಿರುಗಿತು.

ನನ್ನ ಉತ್ತರ ತಯಾರಿತ್ತು. ಚೀಟಿಯಲ್ಲಿ ಯಾವ ನಂಬರೂ ಇರಲಿಲ್ಲ ಎಂದರೆ ಮುಗಿಯಿತು. ಕಸಕ್ಕೆ ಹೋದ ಚೀಟಿಯನ್ನು ಯಾರು ತಂದು ತೋರಿಸುತ್ತಾರೆ?

ಅಷ್ಟರಲ್ಲಿ ಯರ್ರೆಪ್ಪನೇ ಬಾಯಿ ಬಿಟ್ಟ. "ಸಾವ್ಕಾರ್ರ, ನನ್ನ ಮಾತು ನಂಬಬ್ಯಾಡ್ರಿ. ಅಕ್ಕಾರನ್ನ ಕೇಳ್ರಿ. ಚೀಟ್ಯಾಗ ನಂಬರ್ ಇದ್ದಿಲ್ಲ ಅಂತ ಅವ್ರು ಅಂದ್ರ ತಪ್ಪು ನಂದ. ಇವತ್ತಿಗೇ ಸ್ಪಾನರ್ ಕೆಳಗಿಡ್ತೀನಿ."

ಹಾಳಾದವನು! ಹನ್ನೊಂದು ವರ್ಷ ನನ್ನ ಒಂದು ಬೇರಿಂಗನ್ನೂ ನಂಬದವನು, ತನ್ನ ಹೊಟ್ಟೆಪಾಡನ್ನೆಲ್ಲ ತಂದು ನನ್ನ ನಾಲಿಗೆಯ ಮೇಲೆ ಇಟ್ಟುಬಿಟ್ಟ. ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ಸಿಟ್ಟು ಬರುತ್ತಿರಲಿಲ್ಲ. ತಯಾರಿದ್ದ ಸುಳ್ಳನ್ನು ಅಲ್ಲೇ ಬಿಟ್ಟು, ಮೆಟ್ಟಿಲಿಳಿದು ಬೀದಿಗೆ ಬಂದೆ.

"ಇತ್ತು" ಎಂದೆ. "ನಂಬರ್ ಇತ್ತು. ಓದೇ ಕೊಟ್ಟೀನಿ. ಏನೀಗ?"

ಅರುಣಕುಮಾರನ ಬೈಗುಳ ಪೂರಾ ನನ್ನ ಕಡೆ ತಿರುಗಿತು. ಬೊಮ್ಮಪ್ಪನ ಲಾರಿ ಮತ್ತೆ ಗ್ಯಾರೇಜಿನ ಮುಂದೆ ಬಂದು ನಿಂತಿತು. ನನ್ನಲ್ಲಿ ಎಣ್ಣೆ ಕೊಂಡಿದ್ದ ಟ್ರ್ಯಾಕ್ಟರಿನವನೊಬ್ಬ ಕ್ಯಾನನ್ನು ವಾಪಸ್ ತಂದು ಕೌಂಟರಿನ ಮೇಲೆ ಇಟ್ಟು ನಡೆದುಬಿಟ್ಟ. ಯರ್ರೆಪ್ಪ ಕೈ ಒರೆಸಿಕೊಂಡು ಕಾರಿನಡಿ ನುಸುಳಿದ. ನನ್ನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಬೋಲ್ಟುಗಳು ಒಂದೊಂದಾಗಿ ಸಡಿಲಾಗುವ ಸದ್ದು ಕೇಳುತ್ತ, ಅವನು ಒಂದು ಮಾತಾಡಲಿ, ಬೈದರೂ ಸರಿ ಎಂದು ನಾನು ಆ ಬಿಸಿಲಲ್ಲಿ ಕಾಯುತ್ತ ನಿಂತಿದ್ದೆ.