ಸ್ವಾಮಿಗಳ ಒಂದು ‘ಹೂಂ’ಗಾಗಿ

ಯಶವಂತಪುರದಲ್ಲಿ ನಾನು ಗುಜರಿ ಅಂಗಡಿ ಇಟ್ಟಿದ್ದ ಕಾಲ. ದೇವರನ್ನು ಆಗಲೂ ನಂಬುತ್ತಿರಲಿಲ್ಲ, ಈಗಲೂ ನಂಬುವುದಿಲ್ಲ. ಆದರೆ ಅಮ್ಮನ ಕಣ್ಣಿಗೆ ಪೊರೆ ಬಂದು, ಇನ್ನು ತಡಮಾಡಿದರೆ ದೃಷ್ಟಿಯೇ ಹೋಗುತ್ತದೆ ಎಂದು ಡಾಕ್ಟರು ಹೇಳಿದಾಗ ಅವಳು ಹಟ ಹಿಡಿದಳು. “ಸ್ವಾಮಿಗಳು ಹೂಂ ಅನ್ಲಿ. ಅಲ್ಲೀವರ್ಗೂ ಕಣ್ಣಿಗೆ ಕತ್ತಿ ತಾಕಿಸೋ ಹಾಗಿಲ್ಲ.”

“ಹಾಗಾದ್ರೆ ನೀನೇ ಹೋಗಿ ಕೇಳು.”

“ಆ ನೂಕುನುಗ್ಗಲಲ್ಲಿ ಎಲ್ಲೋ ಬೀಳ್ಲಿ? ಹಳೇ ಕಬ್ಬಿಣಕ್ಕೆ ಊರೆಲ್ಲಾ ಅಲೀತೀಯ, ನನಗೋಸ್ಕರ ಒಂದ್ ಸಲ ಹೋಗ್ಬಾರ್ದಾ?”

ನಾಡಿಗೆಲ್ಲ ಹೆಸರಾದ ಆ ಸ್ವಾಮಿಗಳು ಸಂಜಯನಗರದ ಭಕ್ತರೊಬ್ಬರ ಮನೆಯಲ್ಲಿ ಮೊಕ್ಕಾಂ ಮಾಡಿದ್ದರು. ಸಾಲು ಗೇಟು ದಾಟಿ ರಸ್ತೆಯ ತಿರುವಿನವರೆಗೂ ಇತ್ತು. ನಿಮಗೂ ಉಪಯೋಗಕ್ಕೆ ಬರುತ್ತದೆ, ಕೇಳಿ: ದೊಡ್ಡವರನ್ನು ನೋಡಬೇಕಾದರೆ ಮುಂಬಾಗಿಲಿಗೆ ಹೋಗಬೇಡಿ, ಅಡುಗೆ ಎಲ್ಲಿ ನಡೆಯುತ್ತಿದೆಯೋ ಅಲ್ಲಿಗೆ ಹೋಗಿ. ಹಿತ್ತಲಲ್ಲಿ ಅಡುಗೆಯವರು ಅನ್ನದ ಕೊಳಗ ಎತ್ತಲು ಪರದಾಡುತ್ತಿದ್ದರು. ಒಂದು ಕಡೆ ನಾನು ಹಿಡಿದು, ಬಂದ ಕೆಲಸ ಹೇಳಿದೆ.

“ಪ್ಯಾಂಟಲ್ಲಿ ದರ್ಶನಕ್ಕೆ ಬಿಡಲ್ಲ ಕಣ್ರೀ. ಶರ್ಟು ಬಿಚ್ಚಿ, ಪಂಚೆ ಉಡ್ಬೇಕು,” ಎಂದರು ಅವರು.

“ಪಂಚೆ ನೀವೇ ಕೊಡಿ. ಇನ್ನೆರಡು ಕೊಳಗ ಎತ್ತಿಕೊಡ್ತೀನಿ.”

“ಮೂರು.”

ವ್ಯಾಪಾರ ಕುದುರಿತು. ಒಗ್ಗರಣೆ ವಾಸನೆಯ ಪಂಚೆ ಉಟ್ಟು, ಬರಿಮೈಯಲ್ಲಿ ಹೊಟ್ಟೆ ಒಳಗೆಳೆದುಕೊಂಡು ಹೋದೆ.

ನಮ್ಮ ಕಸುಬಿನಲ್ಲಿ ಮೊದಲು ಬಾಯಿ ಬಿಟ್ಟವನು ಸೋತ. ಅದಕ್ಕೇ ಕೈಮುಗಿದು ಸುಮ್ಮನೆ ನಿಂತೆ. ಸ್ವಾಮಿಗಳೂ ಸುಮ್ಮನೆ ಕೂತರು. ನಾನು ಜಗ್ಗಲಿಲ್ಲ, ಅವರೂ ಜಗ್ಗಲಿಲ್ಲ. ಎಂಥೆಂಥ ಸೇಟುಗಳನ್ನು ಹೀಗೆ ನಿಂತೇ ಬಗ್ಗಿಸಿದ್ದವನು ನಾನು. ಕೊನೆಗೆ ತಡೆಯಲಾರದೆ ಅಮ್ಮನ ಕಣ್ಣು, ಡಾಕ್ಟರ ಮಾತು, ನನಗೆ ನಂಬಿಕೆ ಇಲ್ಲದಿರುವುದು ಎಲ್ಲವನ್ನೂ ಒದರಿಬಿಟ್ಟೆ. “ಒಂದು ಹೂಂ ಅನ್ನಿ, ಸಾಕು.”

ಪಕ್ಕದ ಶಿಷ್ಯರು ನಗು ತಡೆದುಕೊಂಡರು. “ಗುರುವಾರ ಸ್ವಾಮಿಗಳದ್ದು ಮೌನ ಕಣ್ರೀ. ಹೂಂನೂ ಇಲ್ಲ, ಊಹೂಂನೂ ಇಲ್ಲ.”

ಸಾಲಿನಲ್ಲಿ ನಿಂತಿದ್ದರೆ ಅದು ಮೊದಲೇ ತಿಳಿಯುತ್ತಿತ್ತು. ನನಗೆ ತಿಳಿಸುವವರು ಯಾರು, ಅನ್ನದ ಕೊಳಗವೇ?

ಸ್ವಾಮಿಗಳು ಮಾತ್ರ ನನ್ನನ್ನೇ ನೋಡುತ್ತಿದ್ದರು. ನಿಧಾನವಾಗಿ ಕನ್ನಡಕ ತೆಗೆದರು. ಗಾಜು ಸೋಡಾ ಬಾಟಲಿಯ ತಳದಷ್ಟು ದಪ್ಪ. ಒಂದು ಕಣ್ಣು ಮುಟ್ಟಿ ತೋರಿಸಿದರು, ಇನ್ನೊಂದನ್ನೂ ತೋರಿಸಿದರು, ನಕ್ಕರು.

“ಸ್ವಾಮಿಗಳೂ ಪೊರೆ ತೆಗೆಸ್ಕೊಂಡಿದ್ದಾರೆ,” ಎಂದರು ಶಿಷ್ಯರು.

ಮನೆಗೆ ಬಂದು ಅಮ್ಮನ ಕೈಗೆ ಮಂತ್ರಾಕ್ಷತೆ ಹಾಕಿ, ನಡೆದದ್ದನ್ನು ನಡೆದ ಹಾಗೇ ಹೇಳಿದೆ. ಅವಳು ಅಕ್ಷತೆಯನ್ನು ತಲೆಗೆ ಹಾಕಿಕೊಂಡಳು.

“ಎರಡೂ ಕಣ್ಣಾ?”

“ಎರಡೂ.”

“ಹಾಗಾದ್ರೆ ಮಾಡಿಸ್ಕೋತೀನಿ. ಅವರಿಗೆ ಮಾಡಿದ ಡಾಕ್ಟರೇ ಆಗ್ಬೇಕು. ಯಾರು ಅಂತ ಕೇಳ್ಕೊಂಡ್ ಬಂದ್ಯಾ?”

ಮರುದಿನ ಮತ್ತೆ ಸಂಜಯನಗರದ ಹಿತ್ತಲು. ಈ ಸಲ ಮನೆಯಿಂದಲೇ ಪಂಚೆ ಉಟ್ಟುಕೊಂಡು ಹೋದೆ.